ಸಣಕಲು ಕಳ್ಳ ಮತ್ತು ಸೋಮವಾರದ ಗುಳಿಗೆ

ಡಾಕ್ಟರು ಹೇಳಿದ್ದು ಎರಡು ಸಂಖ್ಯೆ. ಒಂದು ಏರಬೇಕಿತ್ತು, ಏರಿತ್ತು. ಇನ್ನೊಂದು ಇಳಿಯಬೇಕಿತ್ತು, ಇಳಿದಿರಲಿಲ್ಲ. ಎರಡೂ ಒಬ್ಬಳೇ ಹೆಂಗಸಿನ, ಒಂದೇ ದಿನ ತೆಗೆದ ರಕ್ತದವು. ದೊಡ್ಡಾಸ್ಪತ್ರೆಯ ಆ ಇಕ್ಕಟ್ಟಿನ ಕೋಣೆಯಲ್ಲಿ ನಾನು ಆಕೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತಿದ್ದೆ. ಆಮೇಲೆ ನಡೆದದ್ದನ್ನೆಲ್ಲ ಮನಸ್ಸಿನಲ್ಲಿ ಹಿಂದಕ್ಕೆ ತಿರುಗಿಸಿ ನೋಡುವಾಗ ಪ್ರತಿಸಲವೂ ನಾನು ಬಂದು ನಿಲ್ಲುವುದು ಆ ಸ್ಟೂಲಿನ ಹತ್ತಿರವೇ.

ಎಚ್‌ಐವಿಗೆ ಸರ್ಕಾರದ ಉಚಿತ ಗುಳಿಗೆ ಸಿಗತೊಡಗಿ ಕೆಲವೇ ವರ್ಷಗಳಾಗಿದ್ದ ಕಾಲ ಅದು. ಎರಡು ಸಾವಿರದ ಇಸವಿಯ ನಂತರದ ದಶಕದ ಕೊನೆಯ ಭಾಗ. ನಾನು ಕೊಟ್ಟೂರಿನಲ್ಲಿ ಬಾಡಿಗೆಗೆ ಕೋಣೆ ಹಿಡಿದು, ಒಂದು ಸಣ್ಣ ಸಂಸ್ಥೆಯಲ್ಲಿ ಆಪ್ತ ಸಮಾಲೋಚಕಿಯಾಗಿದ್ದೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯ ಸೋಂಕಿತರನ್ನು ತಿಂಗಳಿಗೊಮ್ಮೆ ಬಸ್ಸಿನಲ್ಲಿ ದೊಡ್ಡಾಸ್ಪತ್ರೆಗೆ ಕರೆದೊಯ್ಯುವುದು, ಗುಳಿಗೆ ಕೊಡಿಸುವುದು, ನಡುನಡುವೆ ಮನೆಗೆ ಹೋಗಿ ನುಂಗುತ್ತಿದ್ದಾರೆಯೇ ಎಂದು ವಿಚಾರಿಸುವುದು ನನ್ನ ಕೆಲಸ.

ಆ ದಿನ ನನ್ನ ಜೊತೆ ಬಂದವಳು ಕೊಟ್ಟೂರಿನ ಒಂದು ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದ ಹೆಂಗಸು. ವಯಸ್ಸಿನಲ್ಲಿ ನನಗಿಂತ ಸಾಕಷ್ಟು ಹಿರಿಯಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಇಲ್ಲಿ ಅವಳನ್ನು ರೊಟ್ಟಿಯಕ್ಕ ಎಂದು ಕರೆಯುತ್ತೇನೆ. ಅವಳು ನನ್ನನ್ನು, ನಮ್ಮ ಕಡೆ ಟೀಚರುಗಳನ್ನು ಕರೆಯುವಂತೆ, ಅಕ್ಕಾರ ಎನ್ನುತ್ತಿದ್ದಳು. ಖಾನಾವಳಿಯ ಮಾಲೀಕನಿಗೆ ತನಗೆ ಸಕ್ಕರೆ ಕಾಯಿಲೆ ಎಂದು ಹೇಳಿಕೊಂಡಿದ್ದಳು. "ಈ ಸುಳ್ಳಿನ ಸಲುವಾಗಿ ನಾ ಸಕ್ರಿ ಇಲ್ಲದ ಚಾ ಕುಡಿಯೂದಾಗೈತ್ರಿ, ಅಕ್ಕಾರ. ಇರೋ ರೋಗಕ್ಕಿಂತ ಇಲ್ಲದ ರೋಗಾನ ಕಾಡ್ತೈತಿ" ಎಂದು ನಗುತ್ತಿದ್ದಳು.

ಮೊದಲು ನೋಡಿದಾಗ ಅವಳಿಗೆ ನಿಲ್ಲಲೂ ಆಗುತ್ತಿರಲಿಲ್ಲ. ರೋಗದ ವಿರುದ್ಧ ಹೋರಾಡುವ ರಕ್ತಕಣಗಳ ಎಣಿಕೆ, ನಾವು ಸಿಡಿ4 ಎನ್ನುವುದು, ಪಾತಾಳಕ್ಕೆ ಇಳಿದಿತ್ತು. ಮೂರು ಔಷಧಿ ಸೇರಿಸಿ ಮಾಡಿದ ಗುಳಿಗೆಯನ್ನು ಬೆಳಿಗ್ಗೆ ಒಂದು, ಸಂಜೆ ಒಂದು ನುಂಗತೊಡಗಿದ ಮೇಲೆ ಎದ್ದಳು. ಎರಡು ವರ್ಷ ದಾಟುವಷ್ಟರಲ್ಲಿ ಎಣಿಕೆ ಮುನ್ನೂರರ ಮೇಲೆ ಹೋಗಿತ್ತು. ಮತ್ತೆ ರೊಟ್ಟಿ ಬಡಿಯಲು ಕುಳಿತಳು. ಖಾನಾವಳಿಯ ಹಿಂದಿನ ಓಣಿಯಲ್ಲೇ ನನ್ನ ಕೋಣೆ. ಅವಳ ಅಂಗೈ ಹಿಟ್ಟಿನ ಮೇಲೆ ಬೀಳುವ ಸದ್ದು ಕಿಟಕಿಯಿಂದ ಕೇಳುತ್ತಿತ್ತು. ನನ್ನ ಕೆಲಸ ಸರಿಯಾಗಿ ನಡೆದಿದೆ ಎನ್ನುವುದಕ್ಕೆ ಆ ಸದ್ದೇ ಸಾಕ್ಷಿ ಎಂದುಕೊಂಡಿದ್ದೆ.

ರಕ್ತದಲ್ಲಿ ವೈರಸ್ಸು ಎಷ್ಟಿದೆ ಎಂದು ಅಳೆಯುವ ಪರೀಕ್ಷೆ ಆಗ ಎಲ್ಲರಿಗೂ ಮಾಡುತ್ತಿರಲಿಲ್ಲ. ಅವಳ ಬಾಯಿಯಲ್ಲಿ ಮತ್ತೆ ಮತ್ತೆ ಹುಣ್ಣಾಗುತ್ತಿದ್ದುದನ್ನು ಕಂಡು ಡಾಕ್ಟರು ಹೇಗೋ ಒಪ್ಪಿಗೆ ಪಡೆದು ರಕ್ತವನ್ನು ಬೆಂಗಳೂರಿಗೆ ಕಳಿಸಿದ್ದರು. ಅದರ ಫಲಿತಾಂಶವೇ ಆ ಎರಡನೆಯ ಸಂಖ್ಯೆ. ಗುಳಿಗೆ ಕೆಲಸ ಮಾಡುತ್ತಿದ್ದರೆ ವೈರಸ್ಸು ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗಬೇಕಿತ್ತು. ಇವಳಲ್ಲಿ ಸಾವಿರಗಟ್ಟಲೆ ಇತ್ತು.

ಡಾಕ್ಟರು ಮೈಸೂರು ಕಡೆಯವರು, ಚಿಕ್ಕ ವಯಸ್ಸಿನವರು. "ವೈರಸ್ ಔಷಧಿಗೆ ಬಗ್ಗುತ್ತಿಲ್ಲ" ಎಂದರು. "ಆದರೆ ಸಿಡಿ4 ಚೆನ್ನಾಗಿದೆ. ಹೀಗೂ ಆಗುತ್ತೆ. ಸದ್ಯಕ್ಕೆ ಇದೇ ಗುಳಿಗೆ ಮುಂದುವರಿಸಿ."

"ಬಗ್ಗಲ್ಲಂದ್ರ ಯಾಕ ನುಂಗಬೇಕ್ರಿ?" ಎಂದು ಕೇಳಿದ್ದು ರೊಟ್ಟಿಯಕ್ಕನ ತಮ್ಮ. ಗುಡೇಕೋಟೆ ಕಡೆಯ ಶಾಲೆಯೊಂದರಲ್ಲಿ ಮೇಷ್ಟರು. ಆ ಮನೆತನದಲ್ಲಿ ಮೊದಲು ಸಂಬಳದ ಕೆಲಸ ಹಿಡಿದವನು. ಅಕ್ಕನ ಕಾಯಿಲೆ ತಿಳಿದಿದ್ದ ಒಬ್ಬನೇ ಸಂಬಂಧಿಕ. ಆ ದಿನ ರಜೆ ಹಾಕಿ ಬಂದಿದ್ದ.

ಡಾಕ್ಟರು ಏನೋ ಹೇಳತೊಡಗಿದರು. ವೈರಸ್ಸು ಔಷಧಿಯಿಂದ ತಪ್ಪಿಸಿಕೊಳ್ಳಲು ತನ್ನ ರೂಪ ಬದಲಿಸುತ್ತದೆ, ಹಾಗೆ ಬದಲಿಸಿದಾಗ ಅದರ ಶಕ್ತಿ ಕುಂದುತ್ತದೆ, ಅದಕ್ಕೇ ರಕ್ತಕಣ ಬೀಳುತ್ತಿಲ್ಲ ಎಂದು. ಹೊರಗೆ ಸಾಲು ಉದ್ದವಿತ್ತು. ಅಷ್ಟರಲ್ಲಿ ಯಾರನ್ನೋ ಸ್ಟ್ರೆಚರಿನಲ್ಲಿ ತಂದರು, ಡಾಕ್ಟರು ಎದ್ದು ಹೋದರು. ಬಿಎಸ್ಸಿ ಓದಿ, ಮೇಲೆ ಸಮಾಜಕಾರ್ಯದ ಪದವಿ ಪಡೆದಿದ್ದ ನನಗೆ ಅರ್ಧ ಅರ್ಥವಾಗಿತ್ತು. ಇನ್ನರ್ಧ ಏನೆಂದು ಕೇಳಲು ಅವರು ಮತ್ತೆ ಸಿಗಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಅವಳ ತಮ್ಮ ತನ್ನ ಲೆಕ್ಕ ಹೇಳಿದ.

"ನಮ್ಮಪ್ಪ ಹತ್ತಿ ಹಾಕ್ತಿದ್ದ, ಅಕ್ಕಾರ. ಕಾಯಿಕೊರಕ ಹುಳಕ್ಕ ಔಷಧದ ಎಣ್ಣಿ ಹೊಡದೂ ಹೊಡದೂ, ಕಡೀಗೆ ಹುಳ ಎಣ್ಣ್ಯಾಗ ಈಜಾಡಾಕತ್ತಿದ್ವು. ನಾಟದ ಎಣ್ಣಿ ಹೊಡದ್ರ ಹುಳ ಸಾಯಂಗಿಲ್ಲ, ಬೆಳಿ ಸುಡ್ತೈತಿ. ಅಕ್ಕನ ಮುಖ ನೋಡ್ರಿ."

ಅವನು ಹೇಳಿದ್ದು ಸುಳ್ಳಲ್ಲ. ಆ ಕಾಲದ ಗುಳಿಗೆಯಿಂದ ಕೆನ್ನೆಯ ಕೊಬ್ಬು ಕರಗುತ್ತಿತ್ತು, ಅಂಗಾಲು ಉರಿಯುತ್ತಿತ್ತು. ರೊಟ್ಟಿಯಕ್ಕನ ಕೆನ್ನೆ ಒಳಗೆ ಹೋಗಿ ಮೂಳೆ ಎದ್ದು ಕಾಣುತ್ತಿತ್ತು. ಓಣಿಯಲ್ಲಿ ಜನ ಗುಸುಗುಸು ಎನ್ನತೊಡಗಿದ್ದರು. ಮೊದಲ ಗುಳಿಗೆ ನಾಟದವರಿಗೆ ಕೊಡುವ ಎರಡನೇ ಹಂತದ ಔಷಧಿ ದೂರದ ಕೆಲವು ನಗರಗಳಿಗೆ ಬಂದಿದೆ, ನಮ್ಮ ಕಡೆಗೂ ಬರುತ್ತದೆ ಎಂಬ ಸುದ್ದಿ ಬೇರೆ ಇತ್ತು.

"ಹೊಸದು ಬರೋತನ ಹೊಲ ಖಾಲಿ ಬಿಡೋದು ಚಲೋ" ಎಂದ.

"ಡಾಕ್ಟರು ನಿಲ್ಲಿಸಬೇಡಿ ಅಂದಿದ್ದಾರಲ್ಲ" ಎಂದೆ.

"ಯಾಕಂತ ಹೇಳಿದ್ರೇನ್ರಿ?"

ಡಾಕ್ಟರು ಹೇಳಿದಂತೆ ಮಾಡಿ ಎಂದು ಮತ್ತೆ ಮತ್ತೆ ಹೇಳಿದೆ, ಅಷ್ಟೇ. ರೊಟ್ಟಿಯಕ್ಕ ಕಿಟಕಿಯ ಹೊರಗೆ ನೋಡುತ್ತಾ, "ನೀವಿಬ್ರೂ ಓದಿದೋರು, ಮಾತಾಡಿ ಮುಗಿಸ್ರಿ. ನುಂಗೋದು ನಾನಾ" ಎಂದಳು.

ಆ ತಿಂಗಳು ತಮ್ಮ ಅವಳನ್ನು ತನ್ನ ಮನೆಗೆ ಕರೆದುಕೊಂಡು ಹೋದ. ಮುಂದಿನ ಸಲ ಗುಳಿಗೆ ಪಡೆಯುವ ದಿನ ಅವಳು ಬಸ್‌ಸ್ಟ್ಯಾಂಡಿಗೆ ಬರಲಿಲ್ಲ. ನಾನು ಕೂಡ್ಲಿಗಿಯಲ್ಲಿ ಬಸ್ಸು ಬದಲಿಸಿ ಗುಡೇಕೋಟೆ ಕಡೆಗೆ ಹೋದೆ. ಕಲ್ಲುಗುಡ್ಡದ ಮಗ್ಗುಲಿನ ಆ ಮನೆಯ ಅಂಗಳದಲ್ಲಿ ಅವಳು ಶೇಂಗಾ ಸುಲಿಯುತ್ತಾ ಕುಳಿತಿದ್ದಳು. ಮುಖದಲ್ಲಿ ಕಳೆ ಇತ್ತು.

"ಕಾಲುರಿ ಹೋಗೇ ಬಿಟ್ಟೈತ್ರಿ" ಎಂದಳು. "ಎಷ್ಟು ದಿನದ ಮ್ಯಾಲ ನಿದ್ದಿ ಬಂತು ಅಂತೀರಿ. ಬಾಯಿಗೆ ರುಚಿ ಹತ್ತೈತಿ."

ಗುಳಿಗೆ ಪೂರ್ತಿ ನಿಲ್ಲಿಸಿದ್ದಳು. ಆ ಗುಳಿಗೆ ಮಾತ್ರವಲ್ಲ, ಪುಪ್ಪುಸಕ್ಕೆ ಸೋಂಕು ಬಾರದಿರಲೆಂದು ಕೊಡುತ್ತಿದ್ದ ಮಾತ್ರೆಯನ್ನೂ ಬಿಟ್ಟಿದ್ದಳು. ನಾನು ಹೆದರಿಸಲು ಹೋಗಿದ್ದೆ. ಅವಳನ್ನು ನೋಡಿದ ಮೇಲೆ ನನ್ನ ಮಾತೇ ನನಗೆ ಸುಳ್ಳೆನಿಸತೊಡಗಿತು. ನುಂಗಿದಾಗ ನರಳುತ್ತಿದ್ದವಳು ಬಿಟ್ಟ ಮೇಲೆ ನಗುತ್ತಿದ್ದಳು. ಡಾಕ್ಟರಿಗೆ ಫೋನಿನಲ್ಲಿ ಹೇಳಿದಾಗ, "ಈಗ ಚೆನ್ನಾಗೇ ಇರ್ತಾರೆ. ಅದನ್ನ ನಂಬಬೇಡಿ. ಕರೆದುಕೊಂಡು ಬನ್ನಿ" ಎಂದರು. ಕಣ್ಣಾರೆ ಕಂಡದ್ದನ್ನು ನಂಬದೆ ಇರುವುದು ಹೇಗೆ? ಆದರೂ ವಾರಕ್ಕೊಮ್ಮೆ ಫೋನು ಮಾಡಿ ಕರೆಯುತ್ತಲೇ ಇದ್ದೆ. ಅವಳ ತಮ್ಮ ಪ್ರತಿಸಲವೂ, "ಆರಾಮ ಅದಾಳ್ರಿ, ಹೊಸ ಔಷಧ ಬಂದ ದಿನ ನಾನಾ ಕರಕೊಂಡು ಬರ್ತೀನಿ" ಎನ್ನುತ್ತಿದ್ದ.

ಮೂರು ನಾಲ್ಕು ತಿಂಗಳಾಗಿರಬೇಕು. ಒಂದು ದಿನ ಫೋನಿನಲ್ಲಿ ಅವಳ ಕೆಮ್ಮು ಕೇಳಿಸಿತು. ಕಫವಿಲ್ಲದ ಒಣ ಕೆಮ್ಮು. ಒಂದು ಮಾತು ಮುಗಿಸಲು ಎರಡು ಸಲ ನಿಲ್ಲುತ್ತಿದ್ದಳು. ಮರುದಿನ ಬೆಳಗಿನ ಬಸ್ಸಿಗೆ ಹೊರಟೆ.

ಅವಳು ಗೋಡೆಗೆ ಒರಗಿ ಕುಳಿತಿದ್ದಳು, ಮಲಗಲು ಆಗುತ್ತಿರಲಿಲ್ಲ. ತುಟಿ ನೀಲಿಗಟ್ಟಿತ್ತು. ಹೆಗಲೆರಡೂ ಪ್ರತಿ ಉಸಿರಿಗೂ ಕಿವಿಯತ್ತ ಏರುತ್ತಿದ್ದವು. ನನ್ನನ್ನು ಕಂಡು ಏನೋ ಹೇಳಹೋದಳು. "ಅಕ್ಕಾ..." ಎನ್ನುವಷ್ಟಕ್ಕೆ ಉಸಿರು ಮುಗಿಯಿತು.

ಅವಳ ತಮ್ಮ ಶಾಲೆಯಿಂದ ಓಡಿ ಬಂದ. ಊರಲ್ಲಿ ಬಾಡಿಗೆಗೆ ಓಡಾಡುತ್ತಿದ್ದ ಟ್ರ್ಯಾಕ್ಸ್ ಜೀಪು ಹಿಡಿದು ಕೂಡ್ಲಿಗಿಯ ತಾಲೂಕು ಆಸ್ಪತ್ರೆಗೆ ತಂದೆವು. ಅಲ್ಲಿ ಆಮ್ಲಜನಕ ಹಚ್ಚಿದ ಕೂಡಲೇ, ಇಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ ಎಂದು ಆಂಬುಲೆನ್ಸಿನಲ್ಲಿ ದೊಡ್ಡಾಸ್ಪತ್ರೆಗೆ ಕಳಿಸಿದರು. ನಾನು ಅವಳ ತಲೆಯ ಕಡೆ ಕುಳಿತು ಮಾಸ್ಕ್ ಹಿಡಿದಿದ್ದೆ. ಅವಳು ಅದನ್ನು ಕಿತ್ತೊಗೆಯಲು ನೋಡುತ್ತಿದ್ದಳು. ಉಸಿರು ಸಿಗದವರಿಗೆ ಮುಖದ ಮೇಲಿನ ಮಾಸ್ಕೇ ಉಸಿರು ಕಟ್ಟಿಸಿದಂತಾಗುತ್ತದೆಂದು ಆಮೇಲೆ ತಿಳಿಯಿತು. ಆಗ ನನಗೆ ಗೊತ್ತಿದ್ದದ್ದು ಅವಳ ಕೈಯನ್ನು ಹಿಡಿದು ತಡೆಯುವುದೊಂದೇ. ವರ್ಷಗಟ್ಟಲೆ ರೊಟ್ಟಿ ಬಡಿದ ಕೈ. ಎರಡೂ ಕೈಯಿಂದ ಒತ್ತಿ ಹಿಡಿದರೂ ಜಾರುತ್ತಿತ್ತು. ಸಿಲಿಂಡರಿನ ಮುಳ್ಳು ಇಳಿಯುತ್ತಿತ್ತು. ರಸ್ತೆಯಲ್ಲಿ ಅದಿರಿನ ಲಾರಿಗಳು ಒಂದರ ಹಿಂದೊಂದು ನಿಂತಿದ್ದವು. ಡ್ರೈವರ್ ಮಣ್ಣಿಗೆ ಇಳಿಸಿ ಓಡಿಸಿದ. ಒಂದು ಕಡೆ ಅವಳ ಕೈಯ ಸೆಣಸಾಟ ಇದ್ದಕ್ಕಿದ್ದಂತೆ ನಿಂತಿತು. ಸುಮ್ಮನಾದಳು ಎಂದು ನನಗೆ ಒಂದು ಗಳಿಗೆ ಸಮಾಧಾನವಾಯಿತು. ಆಮೇಲೆ ಅದು ಆರಾಮವಾಗಿ ಸುಮ್ಮನಾದದ್ದಲ್ಲ ಎಂದು ಗೊತ್ತಾಯಿತು. ಎದೆ ಮಾತ್ರ ಆಡುತ್ತಿತ್ತು, ಕಣ್ಣು ಎಲ್ಲೋ ನೆಟ್ಟಿತ್ತು. "ಅಕ್ಕಾ, ಲೇ ಅಕ್ಕಾ" ಎಂದು ತಮ್ಮ ಅವಳ ಕಾಲನ್ನು ತಿಕ್ಕುತ್ತಿದ್ದ. ಆ ಒಂದು ಗಳಿಗೆಯ ಸಮಾಧಾನ ಇವತ್ತಿಗೂ ನನ್ನನ್ನು ನಿದ್ದೆಯಿಂದ ಎಬ್ಬಿಸುತ್ತದೆ.

ಹೇಗೋ ಮುಟ್ಟಿದೆವು. ಪುಪ್ಪುಸಕ್ಕೆ, ಮೈಯ ಶಕ್ತಿ ಕುಸಿದವರನ್ನು ಹಿಡಿಯುವ ಸೋಂಕು ತಗುಲಿತ್ತು. ಸಿಡಿ4 ಎಣಿಕೆ ಮುನ್ನೂರರಿಂದ ನೂರರ ಆಸುಪಾಸಿಗೆ ಬಿದ್ದಿತ್ತು. ನಾಟುವುದಿಲ್ಲ ಎಂದು ಬಿಟ್ಟ ಗುಳಿಗೆಯೇ ಇಷ್ಟು ದಿನ ಅದನ್ನು ಎತ್ತಿ ಹಿಡಿದಿತ್ತೇ? ಯಾವ ಗುಳಿಗೆಗೆ ವೈರಸ್ಸು ಬಗ್ಗುತ್ತಿರಲಿಲ್ಲವೋ ಅದೇ ಗುಳಿಗೆಯೇ? ಐಸಿಯು ಹೊರಗಿನ ಬೆಂಚಿನ ಮೇಲೆ ಕುಳಿತು ನಾನು ಇದನ್ನೇ ಯೋಚಿಸುತ್ತಿದ್ದೆ, ಒಂದು ಎಳೆಯೂ ಬಿಡಿಸಿಕೊಳ್ಳಲಿಲ್ಲ.

ಸೋಂಕು ಹತೋಟಿಗೆ ಬಂದು, ಅವಳನ್ನು ವಾರ್ಡಿಗೆ ತಂದ ಮೇಲೆ ಡಾಕ್ಟರು ನಮ್ಮಿಬ್ಬರನ್ನೂ ಅವಳ ಮಂಚದ ಹತ್ತಿರ ಕರೆದರು. ಎರಡನೇ ಹಂತದ ಔಷಧಿಗೆ ಅವಳ ಹೆಸರು ಕಳಿಸಿದ್ದೇವೆ, ಅದು ಯಾವಾಗ ಸಿಗುತ್ತದೋ ಹೇಳಲಾಗದು ಎಂದರು. "ಅಲ್ಲಿವರೆಗೆ ಹಳೇ ಗುಳಿಗೆಯನ್ನೇ ಮತ್ತೆ ಶುರು ಮಾಡೋಣ ಅಂತಿದ್ದೇನೆ."

ಅವಳ ತಮ್ಮ ತಡೆದುಕೊಳ್ಳಲಿಲ್ಲ. "ನಾಟಂಗಿಲ್ಲ ಅಂತ ನೀವಾ ಹೇಳೀರಿ, ಸಾರ್. ನಾಟದ್ದನ್ನ ಮತ್ತ ಕೊಡ್ತೀನಿ ಅಂತ ನೀವಾ ಅಂತೀರಿ. ನಾ ಯಾವ ಮಾತು ಹಿಡೀಲಿ?"

ಡಾಕ್ಟರು ಆ ದಿನ ಅವಸರ ಮಾಡಲಿಲ್ಲ. ಸ್ಟೂಲು ಎಳೆದು ಕುಳಿತರು.

"ನಿಮ್ಮ ಮನೆ ಕಿಟಕಿಗೆ ಸರಳಿದೆ ಅಂದ್ಕೊಳ್ಳಿ. ದಪ್ಪ ಕಳ್ಳರು ನುಗ್ಗೋಕಾಗಲ್ಲ. ಒಬ್ಬ ಮಾತ್ರ ಮೈ ಇಳಿಸಿಕೊಂಡು, ಸಣಕಲಾಗಿ ಸರಳಿನ ಸಂದಿಯಲ್ಲಿ ನುಸುಳ್ತಾನೆ. ಒಳಗೆ ಬರ್ತಾನೆ ನಿಜ. ಆದರೆ ಮೂಟೆ ಹೊರೋ ಶಕ್ತಿ ಇರಲ್ಲ. ಇವರ ಮೈಯಲ್ಲಿದ್ದ ವೈರಸ್ ಅಂಥದು. ಗುಳಿಗೆಯಿಂದ ತಪ್ಪಿಸಿಕೊಳ್ಳೋದನ್ನ ಕಲೀತು, ಬದಲಿಗೆ ಕಸುವು ಕಳ್ಕೊಂಡಿತ್ತು. ಅದು ರಕ್ತದಲ್ಲಿದ್ದರೂ ಸಿಡಿ4 ಏರಿದ್ದು ಅದಕ್ಕೇ."

"ನಾವು ಸರಳು ಕಿತ್ತ್ವಿ" ಎಂದ ಅವಳ ತಮ್ಮ, ನಿಧಾನವಾಗಿ.

"ಹೌದು. ಹಳೇ ದಪ್ಪ ಕಳ್ಳರು ಮೈಯಲ್ಲೇ ಎಲ್ಲೋ ಅಡಗಿದ್ದರು. ಅವರು ಬಂದ್ರು."

ಮಂಚದ ಮೇಲಿಂದ ರೊಟ್ಟಿಯಕ್ಕನ ದನಿ ಕೇಳಿಸಿತು. ಸಣ್ಣ ದನಿ, ಆದರೆ ಮಾತು ತುಂಡಾಗುತ್ತಿರಲಿಲ್ಲ. "ಅಂದ್ರ ಆ ಸಣಕಲು ಇದ್ದಾಗ ಮನಿ ಆತನ ಕೈಯಾಗ ಇತ್ತು. ಬ್ಯಾರೆ ಕಳ್ಳರನ್ನ ಬಿಟ್ಟುಕೊಂಡಿರಲಿಲ್ಲ. ಪಾಪ, ಚಲೋ ಮನಷ್ಯ."

ಡಾಕ್ಟರು ನಕ್ಕರು. ಬಳಿಕ ಗಂಭೀರವಾಗಿ, "ಅವನನ್ನೂ ಪೂರ್ತಿ ನಂಬೋ ಹಾಗಿಲ್ಲ. ವರ್ಷಾನುಗಟ್ಟಲೆ ಬಿಟ್ಟರೆ ಅವನೂ ಊಟ ಮಾಡಿ ಕೊಬ್ತಾನೆ, ಬೇರೆ ಸಂದಿ ಹುಡುಕ್ತಾನೆ. ಹೊಸ ಬಾಗಿಲು ಸಿಗೋವರೆಗೆ ಮಾತ್ರ ಈ ಸರಳು. ಇದೂ ಖಾತ್ರಿ ಅಲ್ಲ" ಎಂದರು.

ಅವಳ ತಮ್ಮ ತಲೆ ತಗ್ಗಿಸಿ ನಿಂತಿದ್ದ. "ನಮ್ಮ ಹೊಲದ ಲೆಕ್ಕ ಇಲ್ಲಿ ನಡಿಲಿಲ್ಲ ಬಿಡ್ರಿ" ಎಂದ.

"ನೀ ಸುಮ್ನಿರಲೇ" ಎಂದಳು ಅಕ್ಕ. "ಕೊಡ್ರಿ ಡಾಕ್ಟ್ರ, ನುಂಗ್ತೀನಿ. ಕಾಲು ಉರಿದ್ರ ಉರೀಲಿ. ಉಸ್ರಿರಲಿ."

ಮತ್ತೆ ಶುರು ಮಾಡುವಾಗಲೂ ಒಂದು ಕ್ರಮವಿತ್ತು. ಮೂರು ಔಷಧಿಗಳಲ್ಲಿ ಒಂದನ್ನು ಮೊದಲ ಎರಡು ವಾರ ಅರ್ಧ ಪ್ರಮಾಣದಲ್ಲೇ ಕೊಡಬೇಕು. ಒಮ್ಮೆಲೇ ಪೂರ್ತಿ ಕೊಟ್ಟರೆ ಮೈಯೆಲ್ಲ ಗುಳ್ಳೆ ಎದ್ದು, ಯಕೃತ್ತು ಕೆಡುವ ಭಯ. ಆದ್ದರಿಂದ ಬೆಳಿಗ್ಗೆ ಒಂದು ಬಗೆಯ ಗುಳಿಗೆ, ಸಂಜೆ ಇನ್ನೊಂದು ಬಗೆಯದು. ಚರ್ಮದ ಮೇಲೆ ಏನಾದರೂ ಎದ್ದಿದೆಯೇ ಎಂದು ನೋಡಲು ನಾನು ಆಸ್ಪತ್ರೆಯ ಹತ್ತಿರವೇ ಉಳಿದೆ.

ಮೊದಲ ಕೆಲವು ದಿನ ಸರಿಯಾಗಿ ಕಳೆದವು. ಆಮೇಲೊಂದು ಸಂಜೆ ನರ್ಸ್ ಬಂದು ನನ್ನನ್ನು ಕರೆದರು. "ನಿಮ್ಮ ಪೇಷೆಂಟ್ ಗುಳಿಗಿ ಒಲ್ಲೆ ಅಂತಾಳ. ಬಂದು ಹೇಳ್ರಿ."

ಮತ್ತೆ ಹಳೆಯದೇ ಶುರುವಾಯಿತೇ ಎಂದು ಹೆದರಿ ಓಡಿದೆ. ರೊಟ್ಟಿಯಕ್ಕ ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು ಶಾಂತವಾಗಿ ಕುಳಿತಿದ್ದಳು.

"ಯಾಕಕ್ಕಾ, ಮತ್ತ ಏನಾತು?"

"ಏನಿಲ್ರಿ. ಇವತ್ತು ಸೋಮಾರ. ನಂದು ಒಪ್ಪತ್ತು."

ವಾರಕ್ಕೊಂದು ದಿನ ಒಂದೇ ಹೊತ್ತು ಉಣ್ಣುವುದು ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇರುವ ನಡವಳಿಕೆ. ನಮ್ಮ ತಾಯಿಯೂ ಮಾಡುತ್ತಾರೆ. ಅದಕ್ಕೂ ಗುಳಿಗೆಗೂ ಏನು ಸಂಬಂಧ ಎಂದು ನನಗೆ ತಕ್ಷಣ ಹೊಳೆಯಲಿಲ್ಲ.

"ಊಟ ಆದ ಮ್ಯಾಲ ನುಂಗಬೇಕಂತಲ್ರಿ" ಎಂದಳು. "ಮಧ್ಯಾಹ್ನ ಉಂಡೀನಿ, ಅದಕ್ಕ ಬೆಳಗಿನ ಗುಳಿಗಿ ಆಗ ನುಂಗೀನಿ. ಈಗ ಊಟ ಇಲ್ಲ. ಊಟ ಇಲ್ಲದ ಮ್ಯಾಲ ಗುಳಿಗಿ ಎಲ್ಲಿಂದ ಬಂತು?"

"ಪ್ರತಿ ಸೋಮವಾರ ಹಿಂಗೇ ಮಾಡ್ತಿದ್ದೆಯಾ?"

"ಮೊದಲಿಂದೂ ಹಂಗಾ. ಶ್ರಾವಣದಾಗ ತಿಂಗಳು ಪೂರ್ತಿ ಒಪ್ಪತ್ತಿರ್ತೈತಲ್ಲ, ಆವಾಗ ತಿಂಗಳು ಪೂರ್ತಿ ಒಂದಾ. ಉಳಿದ ಗುಳಿಗಿ ಚೆಲ್ಲಿಲ್ಲ ಮತ್ತ, ಡಬ್ಬ್ಯಾಗ ಇಟ್ಟೀನಿ. ಸರ್ಕಾರದ್ದು ಅಂತ ಹಾಳು ಮಾಡಬಾರದು ನೋಡ್ರಿ."

ನಾನು ಮಂಚದ ಅಂಚಿಗೆ ಕುಳಿತೆ. ಸರಳುಗಳ ನಡುವೆ ಸಂದಿ ಎಲ್ಲಿಂದ ಬಂತು ಎನ್ನುವುದು ಈಗ ಕಾಣಿಸಿತು. ವಾರಕ್ಕೊಮ್ಮೆ ಔಷಧಿ ತೆಳುವಾಗುತ್ತಿತ್ತು, ಶ್ರಾವಣದಲ್ಲಿ ತಿಂಗಳಿಡೀ ಅರ್ಧಕ್ಕೆ ಇಳಿಯುತ್ತಿತ್ತು. ಆ ಸಂದಿಯಲ್ಲೇ ವೈರಸ್ಸು ನುಸುಳುವುದನ್ನು ಕಲಿತಿತ್ತು. ತಿಂಗಳಿಗೊಮ್ಮೆ ನಾವು "ಗುಳಿಗೆ ತಪ್ಪಿಸಿದ್ದೀರಾ" ಎಂದು ಕೇಳುತ್ತಿದ್ದೆವು, ಅವಳು ಇಲ್ಲ ಎನ್ನುತ್ತಿದ್ದಳು. ಅವಳ ಮಟ್ಟಿಗೆ ಅದು ಸತ್ಯವೇ. ತಪ್ಪಿಸಿದ್ದು ಊಟವನ್ನು, ಗುಳಿಗೆಯನ್ನಲ್ಲ.

ಡಾಕ್ಟರಿಗೆ ಹೇಳಿದೆ. ಅವರು ಅವಳ ಹಳೆಯ ಚೀಟಿಗಳನ್ನು ತೆಗೆದು ಮೊದಲಿನಿಂದ ಓದಿದರು. ಕೊನೆಗೆ, "ಈ ಗುಳಿಗೆಗೆ ಊಟವೇ ಬೇಕಾಗಿಲ್ಲ. ಖಾಲಿ ಹೊಟ್ಟೆಗೂ ನುಂಗಬಹುದು" ಎಂದರು.

ಹಾಗಾದರೆ ಊಟದ ಮಾತು ಬಂದದ್ದು ಎಲ್ಲಿಂದ? ಯಾವ ಗುಳಿಗೆ ಕೊಟ್ಟರೂ "ಊಟ ಆದ ಮೇಲೆ" ಎನ್ನುವುದು ಎಲ್ಲರ ಬಾಯಿಗೂ ರೂಢಿ. ಔಷಧಿ ಅಂಗಡಿಯವರು ಹೇಳುತ್ತಾರೆ, ಮನೆಯ ಹಿರಿಯರು ಹೇಳುತ್ತಾರೆ, ನಾವೂ ಹೇಳುತ್ತಿದ್ದೆವು. ಅದು ಹೊತ್ತು ತಿಳಿಸುವ ಮಾತು ಮಾತ್ರ ಎಂದು ನಾವು ಅಂದುಕೊಂಡಿದ್ದೆವು. ಅವಳು ಅದನ್ನು ನಿಯಮವೆಂದು ಹಿಡಿದಿದ್ದಳು, ಒಪ್ಪತ್ತನ್ನು ಹಿಡಿದಷ್ಟೇ ನಿಷ್ಠೆಯಿಂದ.

ವ್ರತ ಬಿಡು ಎಂದು ಹೇಳುವ ಅಗತ್ಯ ಬೀಳಲಿಲ್ಲ. ನೀರಿನ ಜೊತೆ ನುಂಗಿದರೆ ಒಪ್ಪತ್ತು ಕೆಡುತ್ತದೆಯೇ ಎಂದು ಅವಳೇ ಯೋಚಿಸಿ, ನೀರು ಕುಡಿಯಲು ಅಡ್ಡಿ ಇಲ್ಲವಲ್ಲ ಎಂದು ತೀರ್ಮಾನಿಸಿ ನುಂಗಿದಳು. ನಾನು ಅವಳ ಗಂಟಲು ಆಡುವುದನ್ನೇ ನೋಡುತ್ತಿದ್ದೆ.

ಮೂರು ತಿಂಗಳಲ್ಲಿ ಎಣಿಕೆ ಮತ್ತೆ ಏರತೊಡಗಿತು. ವೈರಸ್ಸು ರಕ್ತದಲ್ಲೇ ಇತ್ತು, ಸಣಕಲಾಗಿ. ವರ್ಷ ಕಳೆದ ಮೇಲೆ ಎರಡನೇ ಹಂತದ ಔಷಧಿ ಸಿಕ್ಕಿತು. ಅದರಿಂದ ವೈರಸ್ಸು ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಯಿತು. ಕೆನ್ನೆ ಮಾತ್ರ ಮೊದಲಿನಂತೆ ತುಂಬಲಿಲ್ಲ. ಇನ್ನೂ ವಿಚಿತ್ರವೆಂದರೆ, ಕಳ್ಳ ಇದ್ದಾಗ ಸರಸರನೆ ಏರಿದ್ದ ರಕ್ತಕಣ, ಕಳ್ಳ ಇಲ್ಲದಾಗ ತೆವಳುತ್ತಾ ಏರಿತು. ಯಾಕೆಂದು ಡಾಕ್ಟರನ್ನು ಕೇಳಿದೆ. "ಕೆಲವರಲ್ಲಿ ಹೀಗಾಗುತ್ತೆ. ನನಗೂ ಪೂರ್ತಿ ಗೊತ್ತಿಲ್ಲ" ಎಂದರು. ಆ ಉತ್ತರ ನನಗೆ ಹೇಗೋ ಹಿಡಿಸಿತು.

ಅವಳು ಖಾನಾವಳಿಗೆ ಮರಳಿದಳು. ಕಿಟಕಿಯಿಂದ ಮತ್ತೆ ರೊಟ್ಟಿ ಬಡಿಯುವ ಸದ್ದು. ಮೊದಲಾದರೆ ಆ ಸದ್ದು ಕೇಳಿ ನೆಮ್ಮದಿಯಿಂದ ಇರುತ್ತಿದ್ದೆ. ಈಗ ಅದು ನಿಂತಾಗಲೆಲ್ಲ ನನ್ನ ಕೈಗಳಿಗೆ ಆ ಆಂಬುಲೆನ್ಸಿನಲ್ಲಿ ಸುಮ್ಮನಾದ ಅವಳ ಕೈಯ ನೆನಪಾಗುತ್ತದೆ. ಹಿಟ್ಟು ಮುಗಿದಿರುತ್ತದೆ, ಇಲ್ಲವೇ ಒಲೆಗೆ ಕಟ್ಟಿಗೆ ಇಡುತ್ತಿರುತ್ತಾಳೆ, ಅಷ್ಟೇ. ಅದು ಗೊತ್ತಿದ್ದೂ ಎದ್ದು ಹೋಗಿ ಹಿಂಬಾಗಿಲಲ್ಲಿ ಇಣುಕುತ್ತೇನೆ.

ಒಂದು ಸಂಜೆ ಹಾಗೆಯೇ ಸದ್ದು ನಿಂತಿತು. ಹೋಗಿ ನೋಡಿದರೆ ಅವಳು ಹಿಟ್ಟು ನಾದುವ ಕೊಣಮಿಗೆಗೆ ಬೆನ್ನು ಮಾಡಿ, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಸೊಂಟದ ಚೀಲದಿಂದ ಗುಳಿಗೆ ತೆಗೆಯುತ್ತಿದ್ದಳು. ಸೋಮವಾರ. ಮಧ್ಯಾಹ್ನ ಒಂದು ಹೊತ್ತು ಉಂಡಿದ್ದಳು, ರಾತ್ರಿ ಉಣ್ಣುವವಳಲ್ಲ. ತಂಬಿಗೆ ಎತ್ತಿ, ತುಟಿಗೆ ತಾಗದಂತೆ ನೀರು ಸುರಿದುಕೊಂಡು ನುಂಗಿದಳು. ನನ್ನ ಮುಖದಲ್ಲಿ ಏನು ಕಂಡಳೋ.

"ಏನ್ ಹಂಗ ನೋಡ್ತೀರಿ, ಅಕ್ಕಾರ?" ಎಂದಳು. "ಸೋಮಾರ ಅಂತ ಕಳ್ಳ ಒಪ್ಪತ್ತು ಮಾಡ್ತಾನೇನ್ರಿ?"

ತಿರುಗಿ ಕುಳಿತು ಇನ್ನೊಂದು ಉಂಡೆ ಹಿಟ್ಟು ತೆಗೆದುಕೊಂಡಳು. ಸದ್ದು ಮತ್ತೆ ಶುರುವಾಯಿತು.